ಜೀನೇ ಇಲ್ಲದ ಕೋಶದಲ್ಲಿ ಬ್ಯಾಂಡ್ ಎಲ್ಲಿಂದ ಬಂತು?

ನಿನ್ನೆ ಸಂಜೆಯಿಂದ ಹೊಟ್ಟೆ ಉರೀತಿದೆ, ಬರೀದೇ ಇದ್ರೆ ಇವತ್ತೂ ನಿದ್ದೆ ಬರಲ್ಲ. ನಮ್ಮ ಲ್ಯಾಬಿನ ಹುಡ್ಗಿ, ಪಾಂಡವಪುರದವಳು, ದಿನಾ ಬೆಳಗ್ಗೆ ಟ್ರೈನ್ ಹಿಡಿದು ಮೈಸೂರಿಗೆ ಬರ್ತಾಳಲ್ಲ ಅವಳು, ಎಂಟು ತಿಂಗಳಿಂದ ಈಸ್ಟ್ರೋಜನ್ ರಿಸೆಪ್ಟರ್ ಬೀಟಾ (ಈಸ್ಟ್ರೋಜನ್ ಹಾರ್ಮೋನು ಬಂದು ಅಂಟೋ ಒಂದು ಪ್ರೋಟೀನು) ಹಿಂದೆ ಬಿದ್ದಿದಾಳೆ. ನಿನ್ನೆ ಬ್ಲಾಟ್ ನೋಡಿ ಬಂದು ಕರೆದ್ಲು. ಬ್ಲಾಟ್ ಅಂದ್ರೆ ಕೋಶದ ಪ್ರೋಟೀನುಗಳನ್ನ ಗಾತ್ರದ ಪ್ರಕಾರ ಬೇರೆ ಮಾಡಿ, ಮೆಂಬ್ರೇನ್ ಅನ್ನೋ ಹಾಳೆಗೆ ಇಳಿಸಿ, ಬೇಕಾದ ಪ್ರೋಟೀನಿಗೆ ಅಂಟೋ ಆಂಟಿಬಾಡಿ ಹಾಕಿ ನೋಡೋದು; ಅಂಟಿದ ಕಡೆ ಕಾಣೋ ಗೆರೆಯೇ ಬ್ಯಾಂಡ್. ಒಂದು ಲೇನಲ್ಲಿ (ಸಾಲಲ್ಲಿ) ಮಾಮೂಲಿ ಕೋಶ, ಪಕ್ಕದ್ರಲ್ಲಿ ಆ ರಿಸೆಪ್ಟರಿನ ಜೀನನ್ನೇ ಕೆಡಿಸಿದ ನಾಕ್‌ಔಟ್ ಕೋಶ, ಬೆಂಗಳೂರಿನ ಗೆಳತಿ ಐಸ್ ಡಬ್ಬದಲ್ಲಿಟ್ಟು ಕಳಿಸಿದ್ದು. ಎರಡರಲ್ಲೂ 59 ಕಿಲೋಡಾಲ್ಟನ್ ಹತ್ರ, ಅಂದ್ರೆ ಬೀಟಾದ ತೂಕದ ಜಾಗದಲ್ಲೇ, ಬ್ಯಾಂಡು, ಒಂದೇ ದಪ್ಪ, ಒಂದೇ ಕಪ್ಪು. "ಮೇಡಂ, ಜೀನೇ ಇಲ್ವಲ್ಲ, ಇದೆಲ್ಲಿಂದ ಬಂತು?" ಅಂದ್ಲು.

ಪಾಪ, ಮೊದಲು ತನ್ನ ಕೈಯನ್ನೇ ಅನುಮಾನಿಸಿದ್ಲಂತೆ. ಆಂಟಿಬಾಡಿ ಎಲ್ಲೆಂದರಲ್ಲಿ ಅಂಟದಿರ್ಲಿ ಅಂತ ಹಾಲಿನ ಪುಡಿ ಬಿಟ್ಟು ಬಿಎಸ್‌ಎ ಅನ್ನೋ ಪ್ರೋಟೀನಲ್ಲಿ ಮೆಂಬ್ರೇನ್ ಬ್ಲಾಕ್ ಮಾಡಿದಾಳೆ, ಬಫರ್ ಹೊಸದಾಗಿ ಮಾಡಿದಾಳೆ, ಪ್ರೈಮರಿ (ಬೀಟಾಗೆ ಅಂಟಬೇಕಾದ ಆಂಟಿಬಾಡಿ) ಹಾಕದೆ ಬರೀ ಸೆಕೆಂಡರಿ (ಪ್ರೈಮರಿಗೆ ಅಂಟಿ ಅದನ್ನ ಕಾಣಿಸೋದು) ಹಾಕಿ ನೋಡಿದಾಳೆ, ಅದರಲ್ಲಿ ಮೆಂಬ್ರೇನ್ ಖಾಲಿ. ಅಂದ್ರೆ ತಪ್ಪು ಆ ನಲವತ್ತು ಸಾವಿರದ ಪ್ರೈಮರಿ ಆಂಟಿಬಾಡಿ ಬಾಟ್ಲಿದು. ನೂರು ಮೈಕ್ರೋಲೀಟರ್, ಶೇಂಗಾ ಬೀಜದಷ್ಟೂ ಇಲ್ಲ. ಕಂಪನಿಯ ಡೇಟಾಶೀಟಲ್ಲಿ ಚಂದದ ಒಂದೇ ಬ್ಯಾಂಡಿನ ಫೋಟೋ ಇದೆ, ಆದ್ರೆ ಅದು ಆ ಪ್ರೋಟೀನನ್ನ ಹೊರಗಿಂದ ಜೀನ್ ಹಾಕಿ ರಾಶಿ ರಾಶಿ ಮಾಡಿಸಿದ ಕೋಶದ್ದು. ಅಲ್ಲಿ ಸುಮಾರಾದ ಆಂಟಿಬಾಡಿಗೂ ಬ್ಯಾಂಡ್ ಬರಬಹುದು. ನಾಕ್‌ಔಟ್ ಲೇನ್ ಎಲ್ಲಿ? ಮಾರೋರು ಯಾಕೆ ತೋರಿಸಲ್ಲ?

"ಮೋನೋಕ್ಲೋನಲ್ ಅಲ್ವಾ, ಸ್ಪೆಸಿಫಿಕ್ ಇರಲೇಬೇಕು" ಅಂದ್ರು ಹಿರಿಯರೊಬ್ರು ಕ್ಯಾಂಟೀನಲ್ಲಿ. ಇಲ್ಲ ಸರ್. 1975ರಲ್ಲಿ ಕೋಹ್ಲರ್, ಮಿಲ್‌ಸ್ಟೈನ್ ಅನ್ನೋ ವಿಜ್ಞಾನಿಗಳು ಇಲಿಯ ಗುಲ್ಮದ ಕೋಶಕ್ಕೆ ಕ್ಯಾನ್ಸರ್ ಕೋಶ ಬೆಸೆದು ಈ ದಾರಿ ಕಂಡುಹಿಡಿದಾಗಿಂದ ಮೋನೋಕ್ಲೋನಲ್ ಅಂದ್ರೆ ಆಂಟಿಬಾಡಿಯ ಪ್ರತಿ ಅಣುವೂ ಒಂದೇ ಥರ, ಪ್ರೋಟೀನಿನ ಒಂದೇ ತುಣುಕಿಗೆ ಅಂಟುತ್ತೆ ಅಂತ ಅಷ್ಟೇ. ಆ ತುಣುಕಿನ ಥರದ್ದೇ ಇನ್ನೊಂದು ಪ್ರೋಟೀನಲ್ಲೂ ಇದ್ರೆ ಅದಕ್ಕೂ ಅಂಟುತ್ತೆ, ಪ್ರತಿ ಸಲ, ತಪ್ಪದೆ.

ಇದೇನು ಹೊಸ ವಿಷಯ ಅಲ್ಲ ಅನ್ನೋದೇ ನನ್ನ ಸಂಕಟ. ಬೀಟಾ ಸಿಕ್ಕಿದ್ದು 1996ರಲ್ಲಿ. 2017ರಲ್ಲಿ ಸ್ವೀಡನ್ನಿನವರು ಅದರ ಹದಿಮೂರು ಆಂಟಿಬಾಡಿ ಪರೀಕ್ಷೆ ಮಾಡಿ ನೇಚರ್ ಕಮ್ಯುನಿಕೇಷನ್ಸ್‌ನಲ್ಲಿ ಬರೆದ್ರು, ಸರಿಯಾಗಿ ಕೆಲಸ ಮಾಡಿದ್ದು ಒಂದೇ ಒಂದು. ಆ ಒಂದು ಆಂಟಿಬಾಡಿ ಹಾಕಿ ನೋಡಿದ್ರೆ ಮಾಮೂಲಿ ಸ್ತನದಲ್ಲೂ ಸ್ತನ ಕ್ಯಾನ್ಸರಲ್ಲೂ ಬೀಟಾ ಕಾಣಲೇ ಇಲ್ಲ. ಅಲ್ಲಿವರೆಗೆ ಸ್ತನ ಕ್ಯಾನ್ಸರಲ್ಲಿ ಬೀಟಾ ಇದೆ ಅಂತ ಎಷ್ಟು ಪೇಪರ್ ಬಂದಿತ್ತು ಅಂತೀರಿ! ಇಷ್ಟಾದ್ಮೇಲೂ ಇವತ್ತು ಅಂಥದ್ದೇ ಬಾಟ್ಲಿ ನಮ್ಮ ಫ್ರಿಜ್ಜಿಗೆ ಬರುತ್ತೆ.

ಟೆಸ್ಟ್ ಮಾಡೋಕೆ ದುಡ್ಡು ಬೇಕು, ಟೈಮ್ ಬೇಕು ಅಂತಾರೆ. ಆ ಹುಡ್ಗಿಯ ಎಂಟು ತಿಂಗಳಿಗೆ ಬೆಲೆ ಇಲ್ವಾ? ಫೆಲೋಶಿಪ್ ತಡ ಆದ್ರೆ ಅವರಪ್ಪ ಕಬ್ಬಿನ ದುಡ್ಡಲ್ಲಿ ಟ್ರೈನ್ ಪಾಸ್ ಮಾಡಿಸಿಕೊಡ್ತಾರೆ.

ಒಂದು ಮಾತು ಹೇಳಲೇಬೇಕು. ನನ್ನ ಥೀಸಿಸಲ್ಲೂ ಬೀಟಾ ಬ್ಯಾಂಡಿನ ಒಂದು ಚಿತ್ರ ಇದೆ, ನಾಕ್‌ಔಟ್ ಇಲ್ಲದ್ದು. ರಾತ್ರಿ ತೆಗೆದು ನೋಡ್ದೆ. ಅದು ಬೀಟಾನೇ ಅಂತ ಇವತ್ತು ಎದೆ ಮುಟ್ಟಿ ಹೇಳಕ್ಕಾಗಲ್ಲ ನಂಗೆ.

ಬೆಳಗ್ಗೆ ಅವಳ ಜೊತೆ ಕೂತು ಕಂಪನಿಗೆ ಮೇಲ್ ಬರೆದೆ, ಎರಡೂ ಲೇನಿನ ಫೋಟೋ ಕತ್ತರಿಸದೆ ಪೂರ್ತಿ ಹಾಕಿದೀವಿ. ಬಾಟ್ಲಿ ಮೇಲೆ ಅವಳೇ ಮಾರ್ಕರಲ್ಲಿ "ನಾಕ್‌ಔಟಲ್ಲೂ ಬ್ಯಾಂಡ್ ಬರುತ್ತೆ" ಅಂತ ಬರೆದು ವಾಪಸ್ ಫ್ರೀಜರಿಗಿಟ್ಲು.