ಸಮುದ್ರಕ್ಕೆ ಹೋದ ನೀರು ದಂಡವಾ?

ಕನ್ನಂಬಾಡಿ ಕಟ್ಟೆ ತುಂಬಿ ಗೇಟು ತೆಗೆದ ದಿನ ನಮ್ಮ ಮನೆಯಲ್ಲಿ ಒಂದು ಮಾತು ತಪ್ಪದೆ ಬರುತ್ತದೆ. ಈ ಸಲವೂ ಬಂತು. ಪಾಂಡವಪುರ ಕಡೆಯಿಂದ ಬಂದಿದ್ದ ಚಿಕ್ಕಪ್ಪ ಟಿವಿ ನೋಡುತ್ತಾ, "ನೋಡವ್ವ, ಅಷ್ಟೂ ನೀರು ಸಮುದ್ರುಕ್ಕೆ ದಂಡ" ಅಂದರು. ನಾನು ಎದುರಾಡಲಿಲ್ಲ. ನಾಲೆಗೆ ನೀರು ಬಿಡುತ್ತಾರೋ ಇಲ್ವೋ ಅಂತ ಕಾದು ಕೂತು, ಕಣ್ಣೆದುರೇ ಕಬ್ಬು ಒಣಗಿದ್ದನ್ನು ಕಂಡವರು ಅವರು. ಮೈಸೂರಲ್ಲಿ ನಲ್ಲಿ ತಿರುಗಿಸಿ ನೀರು ಹಿಡಿಯುವ ನಾನು ಅವರಿಗೆ ಏನು ಹೇಳಲಿ? ಆದರೂ ಆ 'ದಂಡ' ಅನ್ನೋ ಮಾತು ಗಂಟಲಲ್ಲಿ ಇಳಿಯಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಚಿಕ್ಕಪ್ಪ ಫೇಸ್‌ಬುಕ್ಕಿನಲ್ಲಿ ಇಲ್ಲ, ಬಚಾವ್.

ನನ್ನ ಹತ್ತಿರ ಇರುವ ಸಾಕ್ಷಿ ಒಂದು ಬಾಟಲಿ ನೀರು. ಮುಂಗಾರು ಹಿಡಿದ ಹೊಸದರಲ್ಲಿ ಹೆಗ್ಗಡದೇವನಕೋಟೆ ಕಡೆ ಹೋಗಿದ್ದಾಗ ಕಾಡಂಚಿನ ಹಳ್ಳದಿಂದ ಹಿಡಿದು ತಂದದ್ದು. ಕಬಿನಿಗೆ ಸೇರುವ ಹಳ್ಳ. ಅಡುಗೆಮನೆಯ ಶೆಲ್ಫಿನ ಮೂಲೆಯಲ್ಲಿಟ್ಟೆ. ಎರಡು ದಿನಕ್ಕೆ ಮಣ್ಣೆಲ್ಲ ತಳ ಸೇರಿತು. ನೀರು ತಿಳಿಯಾಯಿತು, ಬಣ್ಣ ಮಾತ್ರ ಹೋಗಲಿಲ್ಲ. ಹಾಲು ಹಾಕದ ತೆಳು ಟೀ ಹಾಗೆ ಕಾಣುತ್ತದೆ. ಬಟ್ಟೆಯಲ್ಲಿ ಸೋಸಿದೆ, ಕಾಫಿ ಫಿಲ್ಟರ್ ಕಾಗದದಲ್ಲೂ ಸೋಸಿದೆ, ಊಹೂಂ.

ಟೀ ಅಂದದ್ದು ಸುಮ್ನೆ ಅಲ್ಲ. ಟೀ ಸೊಪ್ಪಿನಿಂದ ಬಣ್ಣ ಬಿಟ್ಟುಕೊಳ್ಳುವ ಹಾಗೇ ಇದೂ ಎಲೆಯಿಂದ ಬಂದದ್ದು. ತೇಗ, ಮತ್ತಿ, ಬಿದಿರಿನ ಎಲೆಗಳು ವರ್ಷಗಟ್ಟಲೆ ಬಿದ್ದು, ನೆನೆದು, ಕೊಳೆತು, ಬೂಷ್ಟು ತಿಂದು ಉಳಿಸಿದ ರಸ ಅದು. ಅದರಲ್ಲಿ ಹ್ಯೂಮಿಕ್ ಮತ್ತು ಫಲ್ವಿಕ್ ಅನ್ನೋ ಆಮ್ಲಗಳು ಇರುತ್ತವೆ. ವಿಜ್ಞಾನಿಗಳು ಸಾಮಾನ್ಯವಾಗಿ 0.45 ಮೈಕ್ರೋಮೀಟರ್ ತೂತಿನ ಜರಡಿಯಲ್ಲೂ ಹಾದುಬಂದದ್ದನ್ನು 'ಕರಗಿದ್ದು' ಅಂತ ಲೆಕ್ಕ ಹಿಡಿಯುತ್ತಾರೆ. ನನ್ನ ಕಾಫಿ ಫಿಲ್ಟರ್ ಅದರ ಮುಂದೆ ಮೀನುಬಲೆ ಇದ್ದ ಹಾಗೆ.

ಈ ಎಲೆರಸದ ಕೆಲಸ ಕಬ್ಬಿಣವನ್ನು ಹೊತ್ತುಕೊಂಡು ಹೋಗುವುದು. ಅದೇನು ದೊಡ್ಡ ಕೆಲಸ ಅನ್ನಬೇಡಿ. ಊರಿನ ನಮ್ಮ ತೋಟದ ಬೋರ್‌ವೆಲ್ ನೀರನ್ನು ಬೆಳಗ್ಗೆ ಬಕೆಟ್ಟಿಗೆ ಹಿಡಿದರೆ ಕನ್ನಡಿ ಥರ ಇರುತ್ತದೆ. ಮಧ್ಯಾಹ್ನಕ್ಕೆ ತಳದಲ್ಲಿ ಕೆಂಪು ಗಸಿ. ನೆಲದಡಿ ಗಾಳಿ ಇಲ್ಲದ ಕಡೆ ಕಬ್ಬಿಣ ನೀರಿನಲ್ಲಿ ಕರಗಿರುತ್ತದೆ. ಮೇಲೆ ಬಂದು ಗಾಳಿ ಸೋಕಿದರೆ ತುಕ್ಕಾಗಿ ಕೂರುತ್ತದೆ. ಬಕೆಟ್ಟಿನಲ್ಲೇ ಅರ್ಧ ದಿನ ಉಳಿಯದ ಕಬ್ಬಿಣ, ಸುಮಾರು 800 ಕಿಲೋಮೀಟರ್ ಹರಿಯುವ ಕಾವೇರಿಯಲ್ಲಿ ಹೇಗೆ ಕರಗಿಕೊಂಡೇ ಇರಬೇಕು?

ಇದಕ್ಕೆ ಉತ್ತರ ಅವ್ವನ ಈಳಿಗೆಮಣೆಯಲ್ಲಿದೆ. ಉಪ್ಪಿನಕಾಯಿಗೆ ಬೆಟ್ಟದ ನೆಲ್ಲಿಕಾಯಿ ಹೆಚ್ಚಿದರೆ ಅಲುಗು ನೀಲಿಗಪ್ಪಾಗುತ್ತದೆ. ಕಾಯಿಯ ಒಗರು ಕಬ್ಬಿಣವನ್ನು ಹಿಡಿದುಕೊಂಡದ್ದರ ಗುರುತು ಅದು. ಹಿಂದಿನವರು ಅಳಲೆಕಾಯಿಗೆ ಅನ್ನಭೇದಿ ಅನ್ನೋ ಕಬ್ಬಿಣದ ಉಪ್ಪು ಸೇರಿಸಿ ಶಾಯಿ ಮಾಡುತ್ತಿದ್ದುದೂ ಇದೇ ಗುಟ್ಟಿನಿಂದ. ಎಲೆರಸವೂ ಅದೇ ಜಾತಿಯದು. ಕಬ್ಬಿಣದ ಕಣವನ್ನು ನಾಲ್ಕೂ ಕಡೆಯಿಂದ ಏಡಿ ಹಿಡಿದ ಹಾಗೆ ಹಿಡಿದು, ತುಕ್ಕಾಗಲು ಬಿಡದೆ ನೀರಿನಲ್ಲಿ ತೇಲಿಸಿಕೊಂಡು ಹೋಗುತ್ತದೆ.

ಪೂರ್ತಿ ಹೋಗುತ್ತದಾ? ಇಲ್ಲ. ಅಳಿವೆಯಲ್ಲಿ ಉಪ್ಪುನೀರು ಸೇರಿದ ಕೂಡಲೇ ಹಾಲಿಗೆ ನಿಂಬೆಹುಳಿ ಹಿಂಡಿದ ಹಾಗೆ ಒಡೆಯುತ್ತದೆ. ನದಿ ತಂದ ಕಬ್ಬಿಣದಲ್ಲಿ ಹೆಚ್ಚಿನ ಪಾಲು ಅಲ್ಲೇ ಗಂಟುಗಟ್ಟಿ ಕೆಳಗೆ ಬೀಳುತ್ತದೆ. ಗಟ್ಟಿಯಾಗಿ ಹಿಡಿಸಿಕೊಂಡ ಚೂರುಪಾರು ಮಾತ್ರ ಮುಂದಕ್ಕೆ ದಾಟುತ್ತದೆ.

ಆ ಚೂರುಪಾರಿಗೆ ಕಡಲಿನಲ್ಲಿ ಚಿನ್ನದ ಬೆಲೆ. ತೆರೆದ ಸಮುದ್ರದಲ್ಲಿ ಎಷ್ಟೋ ಕಡೆ ಮೇಲಿನ ನೀರನ್ನು 10,000 ಲೀಟರ್‌ನ ಟ್ಯಾಂಕರ್ ತುಂಬಾ ತುಂಬಿಸಿದರೂ ಕರಗಿದ ಕಬ್ಬಿಣ ಒಂದು ಮಿಲಿಗ್ರಾಂ ಸಿಗುವುದಿಲ್ಲ. ಮೀನಿನ ಊಟದ ಮೊದಲ ತುತ್ತು ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ. ಆ ಪಾಚಿ ಹಸಿರಾಗಲು ಕಬ್ಬಿಣ ಬೇಕೇ ಬೇಕು. ಜಾನ್ ಮಾರ್ಟಿನ್ ಅನ್ನೋ ಅಮೆರಿಕದ ವಿಜ್ಞಾನಿ 1988ರಲ್ಲಿ ಅರ್ಧ ಹಡಗು ಕಬ್ಬಿಣ ಕೊಟ್ಟರೆ ಹಿಮಯುಗವನ್ನೇ ತರುತ್ತೇನೆ ಅಂತ ತಮಾಷೆಗೆ ಹೇಳಿದ್ದರು. ಪಾಚಿ ಹೆಚ್ಚಿದರೆ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಭೂಮಿಯನ್ನು ತಣ್ಣಗೆ ಮಾಡುತ್ತದೆ ಅನ್ನೋದು ಅವರ ಲೆಕ್ಕ. 1993ರಲ್ಲಿ ಅವರ ಜೊತೆಯ ವಿಜ್ಞಾನಿಗಳು ಗಲಾಪಗೋಸ್ ದ್ವೀಪಗಳ ಹತ್ತಿರ ನಿಜವಾಗಿಯೂ ಕಡಲಿಗೆ ಕಬ್ಬಿಣ ಹಾಕಿ ನೋಡಿದರು. ಪಾಚಿ ಹೆಚ್ಚಿತು. ಅದನ್ನು ನೋಡಲು ಮಾರ್ಟಿನ್ ಇರಲಿಲ್ಲ, ಕೆಲವೇ ತಿಂಗಳ ಹಿಂದೆ ತೀರಿಕೊಂಡಿದ್ದರು.

ನನಗೆ ಅವರಿಗಿಂತ ಇಷ್ಟವಾದವರು ಜಪಾನಿನ ಹತಕೆಯಾಮ ಶಿಗೆಯತ್ಸು. ಕೆಸೆನ್ನುಮ ಅನ್ನೋ ಊರಿನಲ್ಲಿ ಸಿಂಪಿ ಸಾಕುತ್ತಿದ್ದವರು. ಕಡಲು ಕೆಟ್ಟು ಸಿಂಪಿ ಹಾಳಾದಾಗ ಅವರು ನದಿ ಹಿಡಿದು ಮೇಲಕ್ಕೆ ನೋಡಿದರು. 1989ರಿಂದ ಮೀನುಗಾರರನ್ನು ಕಟ್ಟಿಕೊಂಡು ಬೆಟ್ಟ ಹತ್ತಿ ಗಿಡ ನೆಡಲು ಶುರುಮಾಡಿದರು. ಎಲೆ ಉದುರಿಸುವ ಮರಗಳನ್ನೇ ನೆಟ್ಟರು. ದೋಣಿಯವರಿಗೆ ಬೆಟ್ಟದಲ್ಲೇನು ಕೆಲಸ ಅಂತ ಜನ ನಕ್ಕಿರಲೂಬಹುದು. ಮತ್ಸುನಗ ಅನ್ನೋ ವಿಜ್ಞಾನಿ ಕಾಡಿನ ಫಲ್ವಿಕ್ ಆಮ್ಲ ಮತ್ತು ಕಬ್ಬಿಣದ ಈ ನಂಟನ್ನು ಅವರಿಗೆ ಬಿಡಿಸಿ ಹೇಳಿದರು.

ಇಲ್ಲಿ ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ಕಾವೇರಿ ನಿಂತರೆ ಬಂಗಾಳ ಕೊಲ್ಲಿ ಕಬ್ಬಿಣ ಇಲ್ಲದೆ ಸೊರಗುತ್ತದೆ ಅಂತ ನಾನು ಹೇಳುತ್ತಿಲ್ಲ. ಕಬ್ಬಿಣಕ್ಕೆ ಹಸಿದ ಕಡಲುಗಳು ಬೇರೆ, ದಕ್ಷಿಣ ಧ್ರುವದ ಸುತ್ತ ಇರುವಂಥವು. ಕಟ್ಟೆ ಒಡೆಯಿರಿ ಅಂತಲೂ ಅಲ್ಲ. ಕನ್ನಂಬಾಡಿ ಇಲ್ಲದೆ ನಮ್ಮ ಮಂಡ್ಯ ಇಲ್ಲ. ಆದರೆ ಕನ್ನಂಬಾಡಿ, ಕಬಿನಿ, ಕೆಳಗೆ ಮೆಟ್ಟೂರು, ಎಲ್ಲ ಕಡೆ ನಿಂತು ನಿಂತು ಹೋಗುವ ನೀರು ಹೊತ್ತಿದ್ದ ಮಣ್ಣನ್ನು ಅಲ್ಲಲ್ಲೇ ಇಳಿಸಿಬಿಡುತ್ತದೆ. ಎಲೆರಸದ ಬಣ್ಣವೂ ಬಿಸಿಲಿಗೆ ಮಾಸುತ್ತದೆ. ಹೀಗಿರುವಾಗ ಮಳೆಗಾಲದಲ್ಲಿ ಒಂದಷ್ಟು ದಿನ ನದಿ ನದಿಯಾಗಿ ಕಡಲಿನ ತನಕ ಹೋದರೆ, ಅದಕ್ಕೂ 'ದಂಡ' ಅಂದರೆ ಹೇಗೆ? ತಮಿಳುನಾಡಿನಲ್ಲಿ ಕಾವೇರಿ ಕಡಲು ಸೇರುವ ಪೂಂಪುಹಾರಿನ ಮೀನುಗಾರರು ನಮ್ಮ ಲೆಕ್ಕದಲ್ಲಿ ಬರುವುದೇ ಇಲ್ಲ ಅಲ್ವಾ?

ಇಷ್ಟೆಲ್ಲ ಬರೆದ ಮೇಲೆ ಸುಮ್ನಿರಲಾಗದೆ, ಹಬ್ಬಕ್ಕೆ ಬಂದ ಚಿಕ್ಕಪ್ಪನಿಗೆ ಬಾಟಲಿ ತೋರಿಸಿ ಕಥೆ ಹೇಳಿದೆ. ಬಾಟಲಿಯನ್ನು ಬೆಳಕಿಗೆ ಹಿಡಿದು ಅಲುಗಾಡಿಸಿ ನೋಡಿದರು. ಮುಚ್ಚಳ ತೆಗೆದು ಮೂಸಿದರು. ಆಮೇಲೆ ನನ್ನ ಮುಖ ನೋಡಿ ಅಂದರು:

"ಅಂಗಾರೆ ನಾವು ಅವ್ರಿಗೆ ನೀರಿನ್ ಜೊತೆ ಕಬ್ಣಾನೂ ಕೊಡ್ತಾ ಇದ್ದೀವಿ ಅನ್ನು. ಮೆಲ್ಲುಗೆ ಯೋಳವ್ವ, ಅದ್ಕೂ ಒಂದು ಟ್ರಿಬ್ಯುನಲ್ ಮಾಡ್ಬುಟ್ಟಾರು."