ಮೂರು ಕಾಲೇಜಲ್ಲಿ ಓದಿದ ನರ್ಸ್

ನಮ್ಮ ಭಾವ ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು. ಮೂಟೆ ಸುರಿದರೆ ಸಾಕು, ಒಳ್ಳೆ ದರ್ಜೆಯ ರಾಶಿ ಅಡಿಕೆಯಲ್ಲಿ ಕೀಳು ದರ್ಜೆಯ ಗೊರಬಲು ಎಷ್ಟು ಬೆರೆತಿದೆ ಅಂತ ನಿಂತಲ್ಲೇ ಹೇಳುತ್ತಾರೆ. ಅನುಮಾನ ಬಂದರೆ ಒಂದನ್ನು ಒಡೆದು ನೋಡುತ್ತಾರೆ. ಇಂಥ ಮನುಷ್ಯ, ಮಗಳನ್ನು ಬಿಎಸ್ಸಿ ನರ್ಸಿಂಗಿಗೆ ಸೇರಿಸುವ ಮಾತು ಬಂದ ಕೂಡಲೇ ಬ್ರೋಷರಿನ ಹಾಳೆ ಎಷ್ಟು ದಪ್ಪ ಅಂತ ಮುಟ್ಟಿ ನೋಡಲು ಶುರು ಮಾಡಿದರು.

ಪಿಯುಸಿ ರಿಸಲ್ಟ್ ಬಂದ ವಾರದಲ್ಲೇ ಐದು ಬ್ರೋಷರ್ ಮನೆಗೆ ಬಂದವು. ನಂಬರ್ ಯಾರು ಕೊಟ್ಟರೋ, ಫೋನ್ ಅಂತೂ ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು. ಐದರಲ್ಲಿ ಮೂರರ ಮುಖಪುಟದಲ್ಲಿ ಒಬ್ಬಳೇ ನರ್ಸ್. ಅದೇ ನಗು, ಅದೇ ನೀಲಿ ಸ್ಟೆತಾಸ್ಕೋಪ್. ಪಾಪ, ಕೋರ್ಸು 4 ವರ್ಷದ್ದು. ಮೂರೂ ಕಾಲೇಜಲ್ಲಿ ಓದಿ ಮುಗಿಸಲು 12 ವರ್ಷ ಹಿಡಿದಿರಬೇಕು. ಮುಖ ಮಾತ್ರ ಒಂಚೂರೂ ಬಾಡಿಲ್ಲ! ಎಲ್ಲ ಕಡೆ ನೂರಕ್ಕೆ ನೂರು ಪ್ಲೇಸ್‌ಮೆಂಟ್ ಬೇರೆ. ಅದರಲ್ಲೊಂದು ಕಾಲೇಜಿನ ಮೊದಲ ಬ್ಯಾಚು ಇನ್ನೂ ಮೂರನೇ ವರ್ಷದಲ್ಲಿದೆ.

ಭಾವ ಹೋಲಿಸಿ ನೋಡಲು ಹಾಳೆಯ ಮೇಲೆ ಗೆರೆ ಎಳೆದರು. ಹಾಸ್ಟೆಲ್ಲಿನಲ್ಲಿ ಬಿಸಿನೀರು, ಕಾಲೇಜು ಬಸ್ಸು, ಫ್ರೀ ಲ್ಯಾಪ್‌ಟಾಪ್. ಅಕ್ಕ ಯೂನಿಫಾರ್ಮಿನ ಬಣ್ಣವನ್ನೂ ಸೇರಿಸಿದಳು. ರೋಗಿಗಳಿಗೆ ಒಂದು ಕಾಲಂ ಬೇಕು ಅಂತ ಯಾರಿಗೂ ಹೊಳೆಯಲಿಲ್ಲ.

ಹಾಗಂತ ಗುಟ್ಟೇನೂ ಇಲ್ಲ. ಭಾರತೀಯ ನರ್ಸಿಂಗ್ ಕೌನ್ಸಿಲ್ ಬರೆದಿಟ್ಟಿದೆ: ಕಾಲೇಜಿನದೇ 100 ಹಾಸಿಗೆಯ ಆಸ್ಪತ್ರೆ ಇರಬೇಕು, 10 ವಿದ್ಯಾರ್ಥಿಗಳಿಗೆ ಒಬ್ಬರು ಟೀಚರ್, ವಾರ್ಡಿನಲ್ಲಿ ಒಬ್ಬ ವಿದ್ಯಾರ್ಥಿಗೆ 3 ರೋಗಿಗಳು. ಮಾನ್ಯತೆ ಇದೆಯಾ ಅಂತ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ಹುಡುಕಿದರೆ ಸಿಗುತ್ತದೆ. ಆದರೆ ಅಲ್ಲಿ ನಗುವ ನರ್ಸ್ ಇಲ್ಲ ಅಲ್ವಾ, ಯಾರು ನೋಡುತ್ತಾರೆ?

ಕೊನೆಗೆ ಒಂದು ದಿನ, ಜಡಿಮಳೆಯಲ್ಲಿ, ಶಿವಮೊಗ್ಗಕ್ಕೆ ಹೋಗಿ ಒಂದು ಕಾಲೇಜು ನೋಡಿದೆವು. ಗಾಜಿನ ಬಾಗಿಲು, ಲಿಫ್ಟು, ಗಣಪತಿ. ಮೇಲಿನ ಲ್ಯಾಬಿನಲ್ಲಿ ರೋಗಿಯ ಗೊಂಬೆಯೊಂದು ಮಲಗಿತ್ತು. ಮೈಗೆ ಸುತ್ತಿದ ಪ್ಲಾಸ್ಟಿಕ್ಕನ್ನೇ ಇನ್ನೂ ಬಿಚ್ಚಿಲ್ಲ. ಮೂಗಿನ ಹತ್ತಿರ ಮಾತ್ರ ಯಾರೋ ಸಣ್ಣಗೆ ಹರಿದಿದ್ದರು, ಉಸಿರಾಡಲಿ ಅಂತ ಇರಬಹುದು.

"ಗಲೀಜಾಗಬಾರದಲ್ಲ ಸರ್," ಅಂದರು ಅಡ್ಮಿಷನ್ ನೋಡಿಕೊಳ್ಳುವವರು.

ಭಾವನ ಮಗಳು ಅಲ್ಲಿಯವರೆಗೆ ಸುಮ್ನೆ ಇದ್ದಳು. ಅಜ್ಜಿ ಮೆಗ್ಗಾನ್ ಆಸ್ಪತ್ರೆಯಲ್ಲಿದ್ದಾಗ ಹದಿನೈದು ದಿನ ಜೊತೆಗೆ ಉಳಿದವಳು ಅವಳು. ರಾತ್ರಿ ಪಾಳಿಯ ಸಿಸ್ಟರ್‌ಗಳನ್ನು ನೋಡಿಯೇ ಅವಳಿಗೆ ಈ ಆಸೆ ಹತ್ತಿದ್ದು. ಮೆಲ್ಲಗೆ ಕೇಳಿದಳು.

"ಸರ್, ಎಷ್ಟು ಬೆಡ್ ಇದಾವೆ?"

"ರೂಮಿಗೆ ನಾಲ್ಕಮ್ಮ. ಫೀಸು ಸ್ವಲ್ಪ ಜಾಸ್ತಿ ಆದ್ರೂ ಪರವಾಗಿಲ್ಲ ಅಂದ್ರೆ ಎರಡು ಬೆಡ್ಡಿನ ರೂಮೂ ಇದೆ."

ಭಾವ ಜೇಬಿನಿಂದ ಹಾಳೆ ತೆಗೆದು ಬರೆದುಕೊಂಡರು.