ಎತ್ತರವೆಲ್ಲ ಕಾಲಲ್ಲೇ!

ಆರಡಿಗೆ ಒಂದೇ ಇಂಚು ಕಮ್ಮಿ ಇರುವವನು ನಾನು. ಹಾಗಾಗಿ ನಾಲ್ಕು ದಿನದ ಚಾರಣಕ್ಕೆಂದು ಬ್ಯಾಗ್ ಕೊಳ್ಳುವಾಗ ಯೋಚಿಸಲೇ ಇಲ್ಲ, ಲಾರ್ಜ್ ಎತ್ತಿಕೊಂಡೆ. ಅಂಗಿಗೆ ಲಾರ್ಜ್, ಪ್ಯಾಂಟಿಗೆ ಲಾರ್ಜ್, ಬ್ಯಾಗಿಗೆ ಮಾತ್ರ ಬೇರೆ ನ್ಯಾಯವೇ?

65 ಲೀಟರಿನ ಬ್ಯಾಗು. ಜಾಗ ಇದೆಯಲ್ಲ ಅಂತ ಮೂರು ಸ್ವೆಟರ್, ಎರಡು ಟಾರ್ಚ್ (ಒಂದು ಕಳೆದರೆ ಹುಡುಕೋದಕ್ಕೆ ಇನ್ನೊಂದು), ಒಂದು ದಪ್ಪ ಕಾದಂಬರಿ ಎಲ್ಲ ತುರುಕಿದೆ. ಒಟ್ಟು 16 ಕೆಜಿ. ಹೊರೆ ಮೈತೂಕದ ಐದನೇ ಒಂದು ಪಾಲು ದಾಟಬಾರದು ಅನ್ನೋದು ಚಾರಣಿಗರ ಲೆಕ್ಕ. 64 ಕೆಜಿಯ ನಾನು ಕಾಲುಪಾಲು ಹೊತ್ತಿದ್ದೆ.

ಒಂದು ಗಂಟೆಯೊಳಗೆ ಹೆಗಲು ಉರಿಯತೊಡಗಿತು. ಮಧ್ಯಾಹ್ನದ ಹೊತ್ತಿಗೆ ಬೆರಳೆಲ್ಲ ಜುಮುಜುಮು. ಸೊಂಟದ ಪಟ್ಟಿ ಸೊಂಟ ಬಿಟ್ಟು ಕೆಳಗಿಳಿದು, ಹೆಜ್ಜೆಗೊಂದರಂತೆ ಹಿಂದಿನಿಂದ ಒದೆಯುತ್ತಿತ್ತು. ಏರು ಬಂದರೆ ಬ್ಯಾಗಿನ ನೆತ್ತಿ ನನ್ನ ತಲೆಗೆ ಮೊಟಕುತ್ತಿತ್ತು, ಲೆಕ್ಕ ತಪ್ಪಿದ ಹುಡುಗನಿಗೆ ಮೇಷ್ಟ್ರು ಮೊಟಕಿದ ಹಾಗೆ. ಭಾರದ ಸಾಮಾನು ಬೆನ್ನಿಗೆ ಅಂಟಿಕೊಂಡು ನಡುಮಧ್ಯೆ ಇರಬೇಕಂತೆ. ನಾನು ಕಾದಂಬರಿಯನ್ನು ಕೈಗೆ ಸಿಗಲಿ ಅಂತ ಎಲ್ಲಕ್ಕಿಂತ ಮೇಲಿಟ್ಟಿದ್ದೆ. ಶೂ ಲೇಸು ಕಟ್ಟಲು ಬಗ್ಗಿದ್ದೇ ತಡ, ಇಡೀ ಬ್ಯಾಗು ತಲೆ ಮೇಲಿಂದ ಮುಂದಕ್ಕೆ ಬಂತು, ಜತೆಗೆ ನಾನೂ. ಎದ್ದು, ಸುಧಾರಿಸಿಕೊಳ್ಳೋಣ ಅಂತ ಹಿಂದಕ್ಕೆ ಒರಗಿದೆ. ಮಗುಚಿದ ಆಮೆಯಂತೆ ನಾಲ್ಕೂ ಕಾಲು ಆಕಾಶಕ್ಕೆ. ಗೆಳೆಯ ಓಡಿ ಬಂದ. ಮೊದಲು ಫೋಟೋ ತೆಗೆದ, ಆಮೇಲೆ ಕೈ ಕೊಟ್ಟ.

ಮನೆಗೆ ಬಂದಾಗ ಹೆಂಡತಿ ಹೆಗಲಿನ ಕೆಂಪು ಬರೆ ನೋಡಿದಳು, ಒಳಗೆ ಹೋಗಿ ಹೊಲಿಗೆಯ ಟೇಪು ತಂದಳು. 'ರೀ, ತಲೆ ಬಗ್ಗಿಸಿ.' ಬಗ್ಗಿಸಿದೆ. ಆಗ ಕತ್ತಿನ ಬುಡದಲ್ಲಿ ಒಂದು ಮೂಳೆ ಉಬ್ಬುತ್ತದೆ, ಕತ್ತಿನ ಏಳನೇ ಮೂಳೆ. ಟೇಪಿನ ತುದಿ ಅಲ್ಲಿ. ಇನ್ನು ಸೊಂಟದ ಮೂಳೆಯ ಮೇಲಂಚಿಗೆ ಎರಡೂ ಕೈ ಇಟ್ಟು ಹೆಬ್ಬೆರಳನ್ನು ಹಿಂದಕ್ಕೆ ಚಾಚಿದರೆ, ಆ ಹೆಬ್ಬೆರಳುಗಳ ಮಟ್ಟಕ್ಕೆ ಟೇಪು ಮುಗಿಯಬೇಕು. ಬ್ಯಾಗಿನ ಸೈಜು ಅಂದರೆ ಇಷ್ಟೇ, ಆಳಿನ ಎತ್ತರ ಅದಕ್ಕೆ ಬೇಕಾಗಿಯೇ ಇಲ್ಲ.

'43 ಸೆಂಟಿಮೀಟರ್. ನಿಮ್ಮ ಎತ್ತರವೆಲ್ಲ ಕಾಲಲ್ಲೇ ಇದೆ ಕಣ್ರೀ!'

ನಂಬದೆ ಅವಳದನ್ನೂ ಅಳೆದೆ. ಅಳೆಯಬಾರದಿತ್ತು. ಐದಡಿ ಎರಡಿಂಚಿನವಳ ಬೆನ್ನು 44.

ಬ್ಯಾಗು ಬದಲಾಯಿತು. ಹೊರುವುದಕ್ಕೂ ಒಂದು ಕ್ರಮವಿದೆ ಅಂತ ಆಗಲೇ ಗೊತ್ತಾದದ್ದು. ಮೊದಲು ಎಲ್ಲ ಪಟ್ಟಿ ಸಡಿಲ. ಆಮೇಲೆ ಸೊಂಟದ ಪಟ್ಟಿ, ಅದೂ ಪ್ಯಾಂಟು ನಿಲ್ಲುವಲ್ಲಿ ಅಲ್ಲ, ಮೂಳೆಯ ಅಂಚನ್ನು ತಬ್ಬುವಂತೆ. ಭಾರದ ಬಹುಪಾಲು ಹೊರುವುದು ಅದೇ. ಹೆಗಲಿನ ಪಟ್ಟಿಗೆ ಬ್ಯಾಗು ಹಿಂದಕ್ಕೆ ವಾಲದಂತೆ ಹಿಡಿಯುವಷ್ಟೇ ಕೆಲಸ. ನಂತರ ಹೆಗಲ ಮೇಲಿನ ಚಿಕ್ಕ ಪಟ್ಟಿಗಳನ್ನು ಸುಮಾರು 45 ಡಿಗ್ರಿ ಓರೆಯಲ್ಲಿ ನಿಲ್ಲುವಂತೆ ಮೆಲ್ಲಗೆ ಎಳೆಯುವುದು. ಎದೆಪಟ್ಟಿ ಕೊನೆಗೆ. ನಾನು ಶುರುಮಾಡುತ್ತಿದ್ದದ್ದೇ ಎದೆಪಟ್ಟಿಯಿಂದ, ಅದರ ಬಕಲಿನಲ್ಲಿ ಸೀಟಿ ಇತ್ತು, ಅದಕ್ಕೆ.

ರಾತ್ರಿ ನೀರಿನ ಬಾಟಲಿ ತುಂಬಿಕೊಂಡು ಮೆಟ್ಟಿಲು ಹತ್ತಿಳಿದು ತಾಲೀಮು ಮಾಡಿದೆ. ಮೂರನೇ ಸುತ್ತಿಗೆ ಪಕ್ಕದ ಮನೆಯವರು ಬಾಗಿಲು ತೆರೆದು ಬ್ಯಾಗನ್ನೂ ನನ್ನ ಮುಖವನ್ನೂ ನೋಡಿ, ತಗ್ಗಿದ ದನಿಯಲ್ಲಿ, 'ಏನ್ ಸಾರ್, ಮನೇಲಿ ಎಲ್ಲ ಸರಿ ತಾನೆ?' ಅಂದರು.

ಎಲ್ಲ ಸರಿ. ಬ್ಯಾಗಂತೂ ಬೆನ್ನಿಗೆ ಕೂಸಿನಂತೆ ಕೂತಿದೆ. ಒಂದೇ ತೊಂದರೆ, ಅದು ಅವಳಿಗೂ ಅಷ್ಟೇ ಚೆನ್ನಾಗಿ ಕೂರುತ್ತದೆ. ಮುಂದಿನ ವಾರ ಗೆಳತಿಯರ ಜತೆ ಚಾರಣಕ್ಕೆ ಹೊರಟಿದ್ದಾಳೆ. 'ನಿಮಗೆ ಆ ಲಾರ್ಜ್ ಇದೆಯಲ್ಲ' ಅಂದಳು.